ಓದಿದ್ದು ಉಳಿಯಬೇಕು, ಬರೆದದ್ದು ಮುಗಿಯಬೇಕು: ಪುಸ್ತಕ ವಿಮರ್ಶೆಗೆ ಒಂದು ಸಮಗ್ರ ಮಾರ್ಗದರ್ಶಿ

ವಿಜಯಪುರದಲ್ಲಿ ನಾವು ಹತ್ತು-ಹನ್ನೆರಡು ಮಂದಿ ತಿಂಗಳ ಕೊನೆಯ ಭಾನುವಾರ ಒಬ್ಬರ ಮನೆಯ ಮಾಳಿಗೆ ಮೇಲೆ ಸೇರುತ್ತೇವೆ. ಕರಾರು ಒಂದೇ. ಒಂದು ಪುಸ್ತಕ ಓದಿರಬೇಕು, ಅದರ ಬಗ್ಗೆ ಎರಡು ಹಾಳೆ ಬರೆದು ತಂದಿರಬೇಕು. ಅಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತು: "ಪುಸ್ತಕ ಭಾಳ ಛಲೋ ಐತ್ರಿ, ಆದ್ರ ಏನ್ ಬರೀಬೇಕು ತಿಳೀವಲ್ದು." ಅದರ ಬೆನ್ನಿಗೇ ಇನ್ನೊಂದು: "ಅರ್ಧಾ ಓದೀನ್ರಿ, ಮುಂದ ಹೊತ್ತು ಸಿಗಲಿಲ್ಲ." ಹೀಗೆ ಹೇಳುವವರೆಲ್ಲ ಓದಿನ ಹುಚ್ಚು ಇರುವವರೇ. ಬಾಗಲಕೋಟೆಯ ನವನಗರದಿಂದ ಬರುವ ಶಿಕ್ಷಕಿ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ, ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತ ರಜೆಗೆ ಊರಿಗೆ ಬಂದಾಗ ಕೂಡುವ ಹುಡುಗ. ಮೂವರಿಗೂ ಒಳ್ಳೆಯ ಕಣ್ಣಿದೆ. ಎಡವುವುದು ಮಾತ್ರ ಒಂದೇ ಕಡೆ.

ಪುಸ್ತಕ ಪೂರ್ತಿ ಓದಿ, ಮುಚ್ಚಿಟ್ಟು, ಒಂದು ವಾರ ಬಿಟ್ಟು ಖಾಲಿ ಹಾಳೆಯ ಮುಂದೆ ಕೂಡುತ್ತಾರೆ. ಅಷ್ಟು ಹೊತ್ತಿಗೆ ಪುಸ್ತಕ ತಲೆಯಿಂದ ಇಳಿದಿರುತ್ತದೆ. ಕಥೆಯ ಎಲುಬು ಉಳಿದಿರುತ್ತದೆ, "ಚೆನ್ನಾಗಿತ್ತು" ಎಂಬ ಭಾವವೊಂದು ಉಳಿದಿರುತ್ತದೆ. ಆ ಎರಡರಿಂದ ವಿಮರ್ಶೆ ಹುಟ್ಟುವುದಿಲ್ಲ. ಬರವಣಿಗೆ ಶುರುವಾಗಬೇಕಾದದ್ದು ಪುಸ್ತಕ ತೆರೆದ ದಿನ. ಕೆಳಗಿನ ಹಂತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರಡಿಗೆ ಮುಂಚಿನ ಕೆಲಸವೇ ಇರುವುದು ಅದಕ್ಕಾಗಿ. ಕ್ರಮ ಹಿಂದುಮುಂದಾದರೆ ಕೊನೆಯ ಹಂತಗಳು ಕೈಗೆ ಹತ್ತುವುದಿಲ್ಲ.

ಬೇಕಾಗುವ ಸಾಮಾನು

ಇನ್ನೂರು ಪುಟದ ಒಂದು ವಹಿ, ಒಂದು ಪೆನ್ಸಿಲ್, ಒಂದು ನಿಘಂಟು, ಮೂರು ಬೆರಳಗಲದ ಕಾಗದದ ಚೀಟಿಗಳು. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿಕೊಂಡರೆ ಚೀಟಿಯ ಖರ್ಚೂ ಇಲ್ಲ. ಪೆನ್ನು ಬೇಡ, ಗ್ರಂಥಾಲಯದ ಪುಸ್ತಕದ ಮೇಲೆ ಮಸಿ ಬಿದ್ದರೆ ಮುಂದಿನವರ ಓದು ಕೆಡುತ್ತದೆ.

ಟಿಪ್ಪಣಿಯನ್ನು ಫೋನಿನಲ್ಲಿ ಮಾಡಿಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಒಂದು ಸಾಲು ಬರೆಯಲು ಫೋನ್ ಎತ್ತಿಕೊಂಡವರು ವಾಟ್ಸಾಪ್ ನೋಡದೆ ಕೆಳಗಿಟ್ಟದ್ದನ್ನು ನಾನು ಕಂಡಿಲ್ಲ. ಫೋನ್ ಬೇಕಾಗುವುದು ಟೈಪ್ ಮಾಡುವಾಗ ಮಾತ್ರ.

ಹಂತ 1: ಎದುರಿಗಿರುವ ಪುಸ್ತಕ ಮೂರಕ್ಕೆ ಇಳಿಸಿ

ಓದು ಹಿಂದೆ ಬೀಳುವ ಮೊದಲ ಕಾರಣ ವೇಳೆಯ ಕೊರತೆಯಲ್ಲ, ಪುಸ್ತಕದ ರಾಶಿ. ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಬಂದಾಗ ಹದಿನೈದು ಪುಸ್ತಕ ತರುತ್ತೇವೆ. ಮೇಜಿನ ಮೇಲೆ ಒಟ್ಟುತ್ತೇವೆ. ದಿನಾ ಅದನ್ನು ನೋಡಿದಾಗ ಸಾಲ ತೀರಿಸದವರ ಮನಸ್ಸಾಗುತ್ತದೆ. ಒಂದರ ಹತ್ತು ಪುಟ, ಇನ್ನೊಂದರ ಇಪ್ಪತ್ತು ಪುಟ ಓದಿ ಯಾವುದೂ ಮುಗಿಯುವುದಿಲ್ಲ.

ಮೂರೇ ಹೊರಗಿರಲಿ: ಈಗ ಓದುತ್ತಿರುವುದು, ಮುಂದಿನದು, ಬಸ್ಸಿನಲ್ಲಿ ಹಿಡಿಯಲು ಒಂದು ತೆಳ್ಳನೆಯದು. ಉಳಿದವು ಕಪಾಟಿನೊಳಗೆ ಹೋಗಲಿ, ಬಾಗಿಲು ಮುಚ್ಚಿರಲಿ.

ಗ್ರಂಥಾಲಯದ ಪುಸ್ತಕ ಇದ್ದರೆ ಅದಕ್ಕೇ ಮೊದಲ ಪಾಳಿ. ವಾಪಸಾತಿಯ ತಾರೀಖು ಹೊರಗಿನಿಂದ ಬಂದ ಶಿಸ್ತು, ಅದನ್ನು ಉಪಯೋಗಿಸಿಕೊಳ್ಳಿ. ಗ್ರಂಥಾಲಯಕ್ಕೆ ಹೋಗಲು ಸಂಕೋಚಪಡುವವರಿಗೆ ಒಂದು ಮಾತು: 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಆ ಪುಸ್ತಕಗಳಿಗೆ ನಮ್ಮ ರೊಕ್ಕವೂ ಸೇರಿದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ನೋಡಿ. ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ ಫೋನಿನಲ್ಲೂ ಸಿಗುತ್ತದೆ.

ಪುಸ್ತಕ ಆರಿಸುವಾಗ ಮೊದಲ ಪುಟ ಓದಿ, ಆಮೇಲೆ 50ನೆಯ ಪುಟ ಓದಿ. ಮೊದಲ ಪುಟವನ್ನು ಎಲ್ಲರೂ ತಿದ್ದಿ ತೀಡಿ ಬರೆದಿರುತ್ತಾರೆ. 50ನೆಯದು ಪುಸ್ತಕದ ನಿಜವಾದ ಉಸಿರು ತೋರಿಸುತ್ತದೆ.

ಹಂತ 2: ನಿಮ್ಮ ವೇಗ ಅಳೆದು, ತಾರೀಖು ಹಾಕಿ

"ಈ ತಿಂಗಳು ಒಂದು ಪುಸ್ತಕ" ಎಂಬುದು ಬರೀ ಆಸೆ. ಯೋಜನೆಯಾಗಬೇಕಾದರೆ ಲೆಕ್ಕ ಬೇಕು. ಗಡಿಯಾರ ಇಟ್ಟುಕೊಂಡು 20 ನಿಮಿಷ ಓದಿ, ಪುಟ ಎಣಿಸಿ. ಮೂರು ದಿನ ಹೀಗೆ ಮಾಡಿ, ಸರಾಸರಿ ತೆಗೆಯಿರಿ. ಡೆಮಿ 1/8 ಆಕಾರದ, ಅಂದರೆ ಸಾಮಾನ್ಯ ಕಾದಂಬರಿಯ ಗಾತ್ರದ, ಕನ್ನಡ ಪುಸ್ತಕದ ಒಂದು ಪುಟದಲ್ಲಿ ಸುಮಾರು 200ರಿಂದ 250 ಪದ ಇರುತ್ತವೆ. ಕಾದಂಬರಿಯಾದರೆ 20 ನಿಮಿಷಕ್ಕೆ ಹತ್ತು-ಹನ್ನೆರಡು ಪುಟ ಹೋಗಬಹುದು, ಶಿಲಾಶಾಸನಗಳ ಕುರಿತ ಪುಸ್ತಕವಾದರೆ ಐದಾರಕ್ಕೇ ನಿಲ್ಲಬಹುದು. ಎರಡಕ್ಕೂ ಒಂದೇ ಲೆಕ್ಕ ಹಿಡಿಯಬೇಡಿ.

240 ಪುಟದ ಕಾದಂಬರಿ, ದಿನಕ್ಕೆ 12 ಪುಟ ಎಂದರೆ 20 ದಿನ. ತಿಂಗಳಲ್ಲಿ ಉಳಿಯುವ ಹತ್ತು ದಿನ ಬರವಣಿಗೆಗೆ. ಈ ಹತ್ತು ದಿನವನ್ನು ಮೊದಲೇ ತೆಗೆದಿಡದವರೇ "ಹೊತ್ತು ಸಿಗಲಿಲ್ಲ" ಎನ್ನುವುದು. ಪುಸ್ತಕ 400 ಪುಟದ್ದಾದರೆ ಎರಡು ತಿಂಗಳು ಕೊಡಿ, ನಾಚಿಕೆ ಬೇಡ. ಓದು ಮುಗಿಯುವ ತಾರೀಖು, ಕರಡಿನ ತಾರೀಖು ಎರಡನ್ನೂ ವಹಿಯ ಮೊದಲ ಪುಟದಲ್ಲಿ ಬರೆಯಿರಿ.

ಹಂಗಾಮು ನೋಡಿ ಪುಸ್ತಕ ಹಿಡಿಯಿರಿ. ದ್ರಾಕ್ಷಿ ತೋಟದವರಿಗೆ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ. ಆಗ ದಪ್ಪ ಕಾದಂಬರಿ ಹಿಡಿದರೆ ಸೋಲು ಖಾತ್ರಿ, ಕವನ ಸಂಕಲನವೋ ಪ್ರಬಂಧಗಳೋ ಇರಲಿ. ಮಾಸ್ತರರಿಗೆ ಮಾರ್ಚ್ ಪರೀಕ್ಷೆಯ ತಿಂಗಳು. ಕಬ್ಬು ಕಡಿಯುವ ಕಾಲದಲ್ಲಿ ಮುಧೋಳ, ಗೋಕಾಕ ಕಡೆಯ ರೈತರಿಗೆ ಕೂಡಲು ಪುರುಸೊತ್ತು ಇರುವುದಿಲ್ಲ. ವಿಜಯಪುರದ ಬೇಸಿಗೆಯಲ್ಲಿ ಮಧ್ಯಾಹ್ನದ ಓದು ಆಗದ ಮಾತು. ಮುಂಜಾನೆ ಐದೂವರೆಯಿಂದ ಆರೂವರೆ ನಮ್ಮದು. ಬೆಳಗಾವಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ವರದಾನ, ದೊಡ್ಡ ಪುಸ್ತಕಗಳನ್ನು ಆ ತಿಂಗಳುಗಳಿಗೆ ಎತ್ತಿಡಿ.

ಒಂದು ದಿನ ತಪ್ಪಿದರೆ ಮರುದಿನ 24 ಪುಟ ಓದಿ ಸರಿಗಟ್ಟಲು ಹೋಗಬೇಡಿ. ಎರಡನೆಯ ದಿನ ಅದೂ ತಪ್ಪುತ್ತದೆ, ಮೂರನೆಯ ದಿನ ಪುಸ್ತಕ ಮುಟ್ಟಲು ಅಳುಕು ಬರುತ್ತದೆ. ಮುಗಿಯುವ ತಾರೀಖನ್ನು ಒಂದು ದಿನ ಮುಂದಕ್ಕೆ ಹಾಕಿ, 12 ಪುಟವನ್ನೇ ಓದಿ.

ಹಂತ 3: ಓದುವ ಮುನ್ನ ಐದು ನಿಮಿಷ

ವಹಿಯಲ್ಲಿ ಹೊಸ ಪುಟ ತೆಗೆದು ಇಷ್ಟನ್ನು ಬರೆಯಿರಿ: ಪುಸ್ತಕದ ಹೆಸರು, ಲೇಖಕರು, ಅನುವಾದವಾದರೆ ಅನುವಾದಕರು ಮತ್ತು ಮೂಲ ಭಾಷೆ, ಪ್ರಕಾಶಕರು, ಊರು, ಮುದ್ರಣದ ವರ್ಷ, ಪುಟ, ಬೆಲೆ. ಇವೆಲ್ಲ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ. ನಾನು ಒಂದು ಸಲ ಇದನ್ನು ಮರೆತು ಗ್ರಂಥಾಲಯಕ್ಕೆ ಪುಸ್ತಕ ಮರಳಿಸಿದೆ. ಬರೆಯಲು ಕೂತಾಗ ಪ್ರಕಾಶಕರ ಹೆಸರೂ ಇಲ್ಲ, ವರ್ಷವೂ ಇಲ್ಲ. ಪುಸ್ತಕ ಬೇರೆಯವರ ಕೈಗೆ ಹೋಗಿತ್ತು. ಆ ವಿಮರ್ಶೆ ಮೂರು ತಿಂಗಳು ವಹಿಯಲ್ಲೇ ಕೊಳೆಯಿತು.

ವರ್ಷದಲ್ಲಿ ಒಂದು ಸೂಕ್ಷ್ಮವಿದೆ. ನಿಮ್ಮ ಕೈಯಲ್ಲಿರುವುದು 2019ರ ಮರುಮುದ್ರಣವಾಗಿದ್ದು ಮೊದಲ ಮುದ್ರಣ 1962ರದ್ದಾಗಿದ್ದರೆ ಎರಡನ್ನೂ ಬರೆದುಕೊಳ್ಳಿ. ಅರವತ್ತು ವರ್ಷ ಹಿಂದಿನ ಪುಸ್ತಕವನ್ನು ಇಂದು ಬರೆದದ್ದೆಂದು ತಿಳಿದು ತೂಗಿದರೆ ತೂಕ ತಪ್ಪುತ್ತದೆ.

ಇನ್ನು ಮುನ್ನುಡಿ. ಕನ್ನಡ ಪುಸ್ತಕಗಳಲ್ಲಿ ಹತ್ತು-ಹದಿನೈದು ಪುಟದ ಮುನ್ನುಡಿ ಮಾಮೂಲು, ಅದನ್ನು ಬರೆದವರು ಸಾಮಾನ್ಯವಾಗಿ ಹಿರಿಯರು. ಅದನ್ನು ಮೊದಲು ಓದಿದರೆ ಪುಸ್ತಕದುದ್ದಕ್ಕೂ ಅವರ ಕಣ್ಣಿನಿಂದಲೇ ನೋಡುತ್ತೀರಿ. ಕೊನೆಗೆ ನಿಮ್ಮ ವಿಮರ್ಶೆ ಮುನ್ನುಡಿಯ ಸಾರಾಂಶವಾಗಿರುತ್ತದೆ, ಅದು ನಿಮಗೆ ಗೊತ್ತೂ ಆಗುವುದಿಲ್ಲ. ಮುನ್ನುಡಿ, ಬೆನ್ನುಡಿ ಎರಡನ್ನೂ ಕೊನೆಗೆ ಇಟ್ಟುಕೊಳ್ಳಿ. ಸಂಶೋಧನೆಯ ಪುಸ್ತಕದಲ್ಲಿ ಮತ್ತು ಅನುವಾದದಲ್ಲಿ ಲೇಖಕರ ಮಾತನ್ನು ಮಾತ್ರ ಮೊದಲೇ ಓದಬಹುದು.

ಹಂತ 4: ಓದುವಾಗಲೇ ಚೀಟಿ ಬರೆಯಿರಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಈ ಹಂತವನ್ನು ಹಗೂರ ತಿಳಿದವರೆಲ್ಲ ಮುಂದೆ ಸಿಕ್ಕಿಬಿದ್ದಿದ್ದಾರೆ.

ಓದುತ್ತ ಹೋಗುವಾಗ ಎಲ್ಲಾದರೂ ಮನಸ್ಸು ನಿಂತರೆ, ಖುಷಿಗೆ ನಿಲ್ಲಲಿ, ಬೇಸರಕ್ಕೆ ನಿಲ್ಲಲಿ, ಒಂದು ಚೀಟಿ ತೆಗೆದುಕೊಳ್ಳಿ. ಪುಟ ಸಂಖ್ಯೆ, ಅಲ್ಲಿ ಏನಾಯಿತು, ನಿಮಗೆ ಏನನ್ನಿಸಿತು. ಒಂದೆರಡು ಸಾಲು ಸಾಕು, ಚೀಟಿಯನ್ನು ಆ ಪುಟದಲ್ಲೇ ಇಟ್ಟು ಮುಂದೆ ಹೋಗಿ. ಬರೀ ಗೆರೆ ಎಳೆಯುವುದು ಎಲ್ಲರ ಸಾಮಾನ್ಯ ತಪ್ಪು. ಎರಡು ವಾರದ ಮೇಲೆ ಆ ಗೆರೆ ನೋಡಿದರೆ ಯಾಕೆ ಎಳೆದೆವೆಂಬುದೇ ನೆನಪಿಗೆ ಬರುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರಿನ ಒಂದು ಮನೆತನದ ಕಥೆ, 240 ಪುಟದ ಕಾದಂಬರಿ. ಇಂಥ ಪುಸ್ತಕ ಇದೆಯೆಂದಲ್ಲ, ಇದೆಯೆಂದು ಇಟ್ಟುಕೊಳ್ಳೋಣ. ಚೀಟಿಗಳು ಹೀಗಿರಬೇಕು:

ಪು. 34. ಅವ್ವ ಹಳೇ ಮನಿ ಬಾಗಿಲ ಕಿತ್ತಿಸಿ ಟ್ರ್ಯಾಕ್ಟರಿಗೆ ಹೇರಸ್ತಾಳ. ಅಳಂಗಿಲ್ಲ. ಯಾಕ ಅಳಂಗಿಲ್ಲ?

ಪು. 61. ಪರಿಹಾರದ ರೊಕ್ಕದ ಲೆಕ್ಕ ಮೂರು ಪುಟ. ವರದಿ ಓದಿದಂಗಾತು, ಬ್ಯಾಸರ.

ಪು. 112. ಮಗ ಒಮ್ಮೆಲೆ ಪುಸ್ತಕದ ಭಾಷಾ ಮಾತಾಡ್ತಾನ. ಮೊದಲ ಹಿಂಗ ಇರಲಿಲ್ಲ. ಬೇಕಂತ ಮಾಡ್ಯಾರೋ, ತಪ್ಪಿದ್ದೋ?

ಪು. 198. ಆ ಬಾಗಿಲ ಮತ್ತ ಬಂತು! ಹೊಸ ಮನಿ ಚೌಕಟ್ಟಿಗೆ ಕೂಡವಲ್ದು, ಗ್ವಾಡಿಗೆ ಆನಿಸಿ ಇಟ್ಟಾರ.

ನೋಡಿ, ಚೀಟಿಯ ಭಾಷೆ ಮನೆಯ ಮಾತು. ವಿಮರ್ಶೆಯ ಭಾಷೆಯಲ್ಲಿ ಚೀಟಿ ಬರೆಯಲು ಹೋದರೆ ಅನ್ನಿಸಿದ್ದು ಬರುವುದಿಲ್ಲ, ಅನ್ನಿಸಬೇಕಾದದ್ದು ಬರುತ್ತದೆ. "ಬ್ಯಾಸರ" ಎಂದು ಬರೆಯಲು ಹೆದರಬೇಡಿ, ಇದನ್ನು ಯಾರೂ ಓದುವುದಿಲ್ಲ. ಪ್ರಶ್ನೆ ಎದ್ದರೆ ಪ್ರಶ್ನೆಯಾಗಿಯೇ ಬರೆದಿಡಿ. ಉತ್ತರ ಆಗಲೇ ಬೇಕಿಲ್ಲ. 112ನೆಯ ಪುಟದ ಅನುಮಾನಕ್ಕೆ 150ನೆಯ ಪುಟದಲ್ಲಿ ಕಾರಣ ಸಿಗಬಹುದು. ಮಗ ಬೆಂಗಳೂರಿಗೆ ಹೋಗಿ ಬಂದಿದ್ದಾನೆಂದು ತಿಳಿದರೆ ಅದು ತಪ್ಪಲ್ಲ, ಲೇಖಕರ ಸೂಕ್ಷ್ಮ.

240 ಪುಟಕ್ಕೆ ಹತ್ತರಿಂದ ಹದಿನೈದು ಚೀಟಿ ಸರಿಯಾದ ಅಳತೆ. ನಲವತ್ತು ಆದರೆ ನೀವು ಪುಸ್ತಕವನ್ನು ನಕಲು ಮಾಡುತ್ತಿದ್ದೀರಿ. ಮೂರೇ ಆದರೆ ಕಣ್ಣು ಓಡುತ್ತಿದೆ, ಮನಸ್ಸು ಬೇರೆ ಕಡೆ ಇದೆ.

ಪಾತ್ರಗಳ ಹೆಸರನ್ನು ವಹಿಯ ಅದೇ ಪುಟದ ಕೆಳಗೆ ಸಂಬಂಧದ ಸಮೇತ ಬರೆಯುತ್ತ ಹೋಗಿ. ಮೂರು ತಲೆಮಾರಿನ ಕಥೆಯಲ್ಲಿ ಅಜ್ಜನ ಹೆಸರೇ ಮೊಮ್ಮಗನಿಗೆ ಇರುತ್ತದೆ, ನಮ್ಮ ಕಡೆ ಇದು ಮನೆಮನೆಯ ರೂಢಿ. ಇಲ್ಲಿ ಗೊಂದಲವಾದರೆ ವಿಮರ್ಶೆಯಲ್ಲಿ ಅಜ್ಜನ ಮಾತು ಮೊಮ್ಮಗನ ಬಾಯಿಗೆ ಹೋಗುತ್ತದೆ.

ಇ-ಪುಸ್ತಕ ಓದುವವರು ಪುಟ ಸಂಖ್ಯೆ ನಂಬಬೇಡಿ. ಅಕ್ಷರದ ಗಾತ್ರ ಬದಲಿಸಿದರೆ ಪುಟವೂ ಬದಲಾಗುತ್ತದೆ. ಅಧ್ಯಾಯದ ಸಂಖ್ಯೆ ಮತ್ತು ಆ ಸಾಲಿನ ಮೊದಲ ಮೂರು ಪದ ಬರೆದುಕೊಳ್ಳಿ.

ಹಂತ 5: ಓದು ಮುಗಿದ ದಿನವೇ ಹದಿನೈದು ನಿಮಿಷ

ಕೊನೆಯ ಪುಟ ಮುಗಿದ ದಿನ ಪುಸ್ತಕ ಮುಚ್ಚಿ, ಚೀಟಿಗಳನ್ನೂ ನೋಡದೆ ವಹಿಯಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಕಣ್ಣು ಮುಚ್ಚಿದರೆ ಯಾವ ದೃಶ್ಯ ಬರುತ್ತದೆ? ಎಲ್ಲಿ ಸಿಟ್ಟು ಅಥವಾ ಬೇಸರ ಬಂತು? ಲೇಖಕರು ಎದುರು ಕೂತಿದ್ದರೆ ಏನು ಕೇಳುತ್ತಿದ್ದಿರಿ? ಈ ಕೆಲಸ ಮರುದಿನಕ್ಕೆ ಹೋದರೆ ಅರ್ಧ ಬೆಲೆ, ವಾರಕ್ಕೆ ಹೋದರೆ ಏನೂ ಇಲ್ಲ.

ಆಮೇಲೆ ಮುನ್ನುಡಿ ಓದಿ. ಎಲ್ಲಿ ಒಪ್ಪುತ್ತೀರಿ, ಎಲ್ಲಿ ಒಪ್ಪುವುದಿಲ್ಲ ಗುರುತಿಸಿ. ಹಿರಿಯರ ಮಾತಿಗೆ ಒಪ್ಪದಿರಲು ನಿಮ್ಮ ಹತ್ತಿರ ಪುಟ ಸಂಖ್ಯೆ ಇದ್ದರೆ ಸಾಕು, ಬೇರೆ ಅರ್ಹತೆ ಬೇಕಿಲ್ಲ.

ಕೊನೆಗೆ ಪುಸ್ತಕದಿಂದ ಚೀಟಿಗಳನ್ನು ತೆಗೆದು ನೆಲದ ಮೇಲೆ ಹರವಿ. ಒಂದಕ್ಕೊಂದು ಸಂಬಂಧ ಇರುವುದನ್ನು ಹತ್ತಿರ ಸರಿಸಿ. ಫ್ಯಾನ್ ಬಂದ್ ಮಾಡಿರಿ. ನಮ್ಮ ಉದಾಹರಣೆಯಲ್ಲಿ 34 ಮತ್ತು 198 ಪಕ್ಕಪಕ್ಕ ಬರುತ್ತವೆ. 61 ಒಂಟಿಯಾಗಿ ದೂರ ಉಳಿಯುತ್ತದೆ. ವಿಮರ್ಶೆಯ ಆಕಾರ ನಿಮ್ಮ ಕಣ್ಣೆದುರಿಗೇ ನೆಲದ ಮೇಲೆ ಬಿದ್ದಿದೆ.

ಹಂತ 6: ಆ ಒಂದು ವಾಕ್ಯ

ಕರಡಿಗೆ ಮುನ್ನ ಈ ಪುಸ್ತಕದ ಬಗ್ಗೆ ನಿಮ್ಮ ತೀರ್ಮಾನ ಒಂದು ವಾಕ್ಯದಲ್ಲಿ ಬರಬೇಕು. ಬಂದ ವಾಕ್ಯಕ್ಕೆ ಒಂದೇ ಪರೀಕ್ಷೆ: ಇದನ್ನು ಬೇರೆ ಪುಸ್ತಕಕ್ಕೆ ಅಂಟಿಸಲು ಬರುತ್ತದೆಯೇ?

"ಮುಳುಗಡೆಯ ನೋವನ್ನು ಮನಮುಟ್ಟುವಂತೆ ಚಿತ್ರಿಸಿದ ಕಾದಂಬರಿ." ಇದು ಮುಳುಗಡೆಯ ಯಾವ ಕಾದಂಬರಿಗೂ ಅಂಟುತ್ತದೆ. ಹೊಡೆದು ಹಾಕಿ.

"ಜನ ಹೇಳಲಾರದ ದುಃಖವನ್ನು ಈ ಕಾದಂಬರಿ ಒಂದು ಹಳೆಯ ಬಾಗಿಲಿನ ಮೂಲಕ ಹೇಳಿಸುತ್ತದೆ, ಪರಿಹಾರದ ಲೆಕ್ಕಕ್ಕೆ ಬಂದಾಗ ಮಾತ್ರ ಆ ಸಂಯಮ ಕಳೆದುಕೊಂಡು ವರದಿಯಾಗುತ್ತದೆ." ಇದು ಈ ಒಂದು ಪುಸ್ತಕಕ್ಕೇ ಸೇರಿದ ಮಾತು. ಮೆಚ್ಚುಗೆಯೂ ಇದೆ, ತಕರಾರೂ ಇದೆ, ಎರಡಕ್ಕೂ ಚೀಟಿಯ ಆಧಾರ ಇದೆ.

ವಾಕ್ಯ ಬರದಿದ್ದರೆ ಕರಡಿಗೆ ಹೋಗಬೇಡಿ. ಚೀಟಿಗಳಿಗೆ ಮರಳಿ, ಬೇಕಾದರೆ ಎರಡು ಅಧ್ಯಾಯ ಮತ್ತೆ ಓದಿ. ಬೇರೆಯವರು ಬರೆದ ವಿಮರ್ಶೆ ಹುಡುಕಿ ಓದುವ ಆಸೆ ಇಲ್ಲೇ ಬರುತ್ತದೆ, ತಡೆಯಿರಿ. ನಿಮ್ಮ ಕರಡು ಮುಗಿದ ಮೇಲೆ ಧಾರಾಳವಾಗಿ ಓದಿ.

ಹಂತ 7: ಕರಡು, ನಡುವಿನಿಂದ ಶುರು

ಅಳತೆ 450ರಿಂದ 600 ಪದ. ಒಂದೂವರೆ ತಾಸಿನಲ್ಲಿ ಒಂದೇ ಕೂತಿನಲ್ಲಿ ಮುಗಿಸಿ. ಮೊದಲ ಸಾಲು ಹೊಳೆಯಲಿ ಎಂದು ಕಾಯುತ್ತ ಕೂತವರು ಎದ್ದೇ ಹೋಗುತ್ತಾರೆ, ಆದ್ದರಿಂದ ಮೊದಲ ಸಾಲನ್ನು ಬಿಟ್ಟುಬಿಡಿ. ನಡುವಿನ ಭಾಗ ಮೊದಲು ಬರೆಯಿರಿ: ಪುಸ್ತಕ ತನ್ನ ಕೆಲಸ ಹೇಗೆ ಮಾಡುತ್ತದೆ, ಎರಡು-ಮೂರು ಚೀಟಿಗಳ ಬಲದಿಂದ. ಆಮೇಲೆ ತಕರಾರು. ಆಮೇಲೆ ಕಥೆಯ ಪರಿಚಯ, ನೂರು ಪದ ಮೀರದಂತೆ. ಕೊನೆಗೆ ಆರಂಭದ ಸಾಲು. ಬರೆದಾದ ಮೇಲೆ ಓದುವ ಕ್ರಮಕ್ಕೆ ಜೋಡಿಸಿ.

ಕಥೆ ಹೇಳುತ್ತ ಕೂಡುವುದು ನಾನು ಕಂಡ ಅತಿ ದೊಡ್ಡ ರೋಗ. ಎರಡು ಹಾಳೆಯಲ್ಲಿ ಒಂದೂವರೆ ಹಾಳೆ ಕಥೆ, ಉಳಿದರ್ಧದಲ್ಲಿ "ಎಲ್ಲರೂ ಓದಲೇಬೇಕಾದ ಕೃತಿ". ಕರಡಿನಲ್ಲಿ ಕಥೆ ಹೇಳುವ ವಾಕ್ಯಗಳಿಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚಾದರೆ ಕಡಿಯಿರಿ. ಕೊನೆಯ ತಿರುವನ್ನು ಹೇಳಬೇಡಿ.

ಕೆಲವು ಮಾತುಗಳನ್ನು ನಮ್ಮ ಗುಂಪಿನಲ್ಲಿ ನಿಷೇಧಿಸಿದ್ದೇವೆ: ಓದಿಸಿಕೊಂಡು ಹೋಗುತ್ತದೆ, ಸಂಗ್ರಹಯೋಗ್ಯ, ಮನಮುಟ್ಟುವ, ಹೃದಯಸ್ಪರ್ಶಿ, ಸಾರಸ್ವತ ಲೋಕಕ್ಕೆ ಅಮೂಲ್ಯ ಕೊಡುಗೆ, ಲೇಖಕರ ಲೇಖನಿಯಿಂದ ಇನ್ನಷ್ಟು ಕೃತಿಗಳು ಹೊರಬರಲಿ. ಬಿಡುಗಡೆ ಸಮಾರಂಭದ ವೇದಿಕೆಯ ಮೇಲೆ ಇವು ಹುಟ್ಟಿದವು, ಅಲ್ಲೇ ಇರಲಿ. ಯಾವ ಮಾತು ಬರೆಯಲು ಕೈ ಹೋಯಿತೋ ಅಲ್ಲಿ ನಿಂತು, ಯಾಕೆ ಹಾಗೆನಿಸಿತೆಂದು ಪುಟ ಸಂಖ್ಯೆ ಸಮೇತ ಬರೆಯಿರಿ.

ತಕರಾರಿಗೂ ಇದೇ ನಿಯಮ. "ಇನ್ನೂ ಚೆನ್ನಾಗಿ ಬರಬಹುದಿತ್ತು" ಎಂದರೆ ಲೇಖಕರಿಗೂ ಉಪಯೋಗವಿಲ್ಲ, ಓದುಗರಿಗೂ ಇಲ್ಲ. "61ರಿಂದ 63ನೆಯ ಪುಟದವರೆಗೆ ಪಾತ್ರಗಳು ಮಾತು ನಿಲ್ಲಿಸುತ್ತವೆ, ಲೆಕ್ಕ ಮಾತಾಡುತ್ತದೆ" ಎಂದರೆ ಉಪಯೋಗ. ಅಚ್ಚಿನ ದೋಷಗಳಿಗೆ ಒಂದು ಸಾಲು ಸಾಕು. ಅರ್ಥ ಕೆಡಿಸುವ ದೋಷವಿದ್ದರೆ ಮಾತ್ರ ಅದನ್ನು ತೋರಿಸಿ.

ಉಲ್ಲೇಖ ಎರಡು ಸಾಕು, ಒಂದೊಂದು ಮೂರು ಸಾಲು ಮೀರದಿರಲಿ. ಪುಸ್ತಕದಲ್ಲಿ "ಬಂದಾಳ", "ಹೋಗ್ಯಾನ" ಎಂದಿದ್ದರೆ ಹಾಗೇ ಇಳಿಸಿ. ಅದನ್ನು "ಬಂದಿದ್ದಾಳೆ" ಎಂದು ತಿದ್ದುವುದು ಲೇಖಕರಿಗೆ ಮಾಡುವ ಅನ್ಯಾಯ. ನಮ್ಮ ಭಾಗದವರೇ ಹೀಗೆ ತಿದ್ದಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಪುಸ್ತಕದ ಜಾತಿ ಬದಲಾದರೆ

ಕಥಾಸಂಕಲನದಲ್ಲಿ ಹನ್ನೆರಡು ಕಥೆಗಳಿದ್ದರೆ ಹನ್ನೆರಡರ ಬಗ್ಗೆಯೂ ಒಂದೊಂದು ಸಾಲು ಬರೆಯಬೇಡಿ, ಅದು ಪರಿವಿಡಿಯಾಗುತ್ತದೆ. ಎರಡು ಒಳ್ಳೆಯವು, ಒಂದು ಸೋತದ್ದು ಆರಿಸಿ, ಅವುಗಳ ಮೂಲಕ ಉಳಿದವನ್ನು ತೋರಿಸಿ.

ಕವನ ಸಂಕಲನವನ್ನು ಮೂರು ಸಲ ಓದಬೇಕು, ಒಂದು ಸಲ ಗಟ್ಟಿಯಾಗಿ. ದಿನಕ್ಕೆ ನಾಲ್ಕು ಕವಿತೆಗಿಂತ ಹೆಚ್ಚು ಬೇಡ. ಇಡೀ ಕವಿತೆಯನ್ನು ವಿಮರ್ಶೆಯಲ್ಲಿ ಇಳಿಸಬೇಡಿ.

ಅನುವಾದದ ವಿಷಯದಲ್ಲಿ ಬೆಳಗಾವಿ ಕಡೆಯ ಓದುಗರಿಗೆ ಒಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವವರು ಅಲ್ಲಿ ಬಹಳ. ಮರಾಠಿಯಿಂದ ಬಂದ ಪುಸ್ತಕವಾದರೆ ಮೂಲ ಹುಡುಕಿ ಐದು ಪುಟ ಹೋಲಿಸಿ. ಎರಡೂ ಭಾಷೆಯಲ್ಲಿ ಒಂದೇ ರೀತಿ ಕೇಳಿಸಿ ಅರ್ಥ ಬೇರೆ ಇರುವ ಪದಗಳಲ್ಲಿ ಅನುವಾದಕರು ಜಾರುವುದು ಹೆಚ್ಚು, ಅಲ್ಲಿ ಕಣ್ಣಿಡಿ. ಮೂಲ ಓದಲು ಬರದಿದ್ದರೆ "ಮೂಲಕ್ಕೆ ನಿಷ್ಠವಾಗಿದೆ" ಎಂದು ಬರೆಯುವ ಹಕ್ಕು ನಮಗಿಲ್ಲ. ಕನ್ನಡ ಸರಾಗವಾಗಿದೆಯೇ ಎಂಬುದನ್ನಷ್ಟೇ ಹೇಳಿ.

ಹಂತ 8: ಹೆಸರು, ವರ್ಷ, ಜಾಗ ತಾಳೆ ನೋಡಿ

ಕರಡನ್ನು ಒಂದು ರಾತ್ರಿ ಬಿಡಿ. ಮರುದಿನ ಪುಸ್ತಕ ಪಕ್ಕದಲ್ಲಿಟ್ಟು ಪ್ರತಿ ಹೆಸರು, ಪ್ರತಿ ಪುಟ ಸಂಖ್ಯೆ, ಪ್ರತಿ ಉಲ್ಲೇಖ ಅಕ್ಷರ ಅಕ್ಷರ ನೋಡಿ. ಗ್ರಂಥಾಲಯದ ಪುಸ್ತಕವನ್ನು ಇದಾದ ಮೇಲೆಯೇ ಮರಳಿಸಿ.

ನಮ್ಮ ಮೂರು ಜಿಲ್ಲೆಗಳ ಬಗೆಗಿನ ಪುಸ್ತಕವಾದರೆ ಇನ್ನೊಂದು ಕೆಲಸವಿದೆ. ಶಾಸನದ ಕಾಲ ಬಂದಾಗ ಶಕ ವರ್ಷವೋ ಕ್ರಿಸ್ತಶಕವೋ ನೋಡಿ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ, ಚಾಲುಕ್ಯ ಮನೆತನದ ಮಂಗಳೇಶನ ಶಾಸನ ಶಕ 500ರದ್ದು, 78 ಕೂಡಿಸಿದರೆ ಕ್ರಿ.ಶ. 578. ಪುಸ್ತಕದಲ್ಲಿ "ಕ್ರಿ.ಶ. 500" ಎಂದು ಬಿದ್ದಿದ್ದರೆ ಅದು ಅಚ್ಚಿನ ದೋಷವಲ್ಲ, ಲೇಖಕರು ಪರಿಶೀಲಿಸಿಲ್ಲವೆಂಬ ಸೂಚನೆ. ಅಂಥದ್ದೊಂದು ಸಿಕ್ಕರೆ ಉಳಿದ ವರ್ಷಗಳನ್ನೂ ಅನುಮಾನದಿಂದ ನೋಡಿ.

ಕಾದಂಬರಿಯಲ್ಲೂ ಇದು ಇದೆ. ಕಥೆ 1985ರಲ್ಲಿ ನಡೆಯುತ್ತಿದ್ದು, ಪಾತ್ರವೊಂದು ಬಾಗಲಕೋಟೆಯ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟರೆ ತಪ್ಪು; ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ಅದು ವಿಜಾಪುರ ಜಿಲ್ಲೆಯ ಭಾಗ. ಅಧಿಕೃತವಾಗಿ "ವಿಜಯಪುರ" ಎಂಬ ಹೆಸರು ಬಂದದ್ದು 2014ರ ನವೆಂಬರ್ 1ರಂದು. ಆದರೆ ಇಂಥ ಒಂದು ತಪ್ಪು ಸಿಕ್ಕಿತೆಂದು ಇಡೀ ವಿಮರ್ಶೆಯನ್ನು ಅದರ ಮೇಲೇ ಕಟ್ಟಬೇಡಿ. ಒಂದೆರಡು ಸಾಲು ಸಾಕು.

ಹಂತ 9: ಟೈಪಿಂಗ್ ಮತ್ತು ಕಳಿಸುವುದು

ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ್ದು ಬೇರೆಯವರ ಫೋನಿನಲ್ಲಿ ತಲೆಬುಡವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಪತ್ರಿಕೆಗೆ ಕಳಿಸುವುದಾದರೆ ಯಾವುದು ಬೇಕೆಂದು ಮೊದಲು ಕೇಳಿ. ಬಾಯಿಂದ ಹೇಳಿ ಟೈಪ್ ಮಾಡಿಸುವವರು ಲ-ಳ, ಅ-ಹ, ಶ-ಷ ಮೂರು ಜೋಡಿಗಳನ್ನು ವಿಶೇಷವಾಗಿ ನೋಡಿ. ಪಾತ್ರಗಳ ಹೆಸರನ್ನು ಫೋನ್ ತನ್ನಿಷ್ಟದಂತೆ ತಿದ್ದಿರುತ್ತದೆ.

ಟೈಪ್ ಆದ ಮೇಲೆ ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಬಿದ್ದ ಕಡೆ ವಾಕ್ಯ ಮುರಿಯಿರಿ. ಹಂತ 3ರಲ್ಲಿ ಬರೆದುಕೊಂಡ ವಿವರಗಳನ್ನು ಕೊನೆಗೆ ಸೇರಿಸಿ.

ಎಚ್ಚರಿಕೆಯ ಗುರುತುಗಳು

ಪುಟದ ಗುರುತು ಹತ್ತು ದಿನ ಒಂದೇ ಜಾಗದಲ್ಲಿದ್ದರೆ ತಪ್ಪು ಪುಸ್ತಕ ಹಿಡಿದಿದ್ದೀರಿ ಅಥವಾ ತಪ್ಪು ಹಂಗಾಮಿನಲ್ಲಿ ಹಿಡಿದಿದ್ದೀರಿ. 50 ಪುಟ ಓದಿಯೂ ಒಳಗೆ ಹೋಗಲು ಆಗದಿದ್ದರೆ ಬಿಡಿ. ಯಾಕೆ ಬಿಟ್ಟಿರೆಂದು ವಹಿಯಲ್ಲಿ ನಾಲ್ಕು ಸಾಲು ಬರೆದು ಬಿಡಿ. ಹೀಗೆ ಬಿಟ್ಟ ಪುಸ್ತಕಕ್ಕೆ ವಿಮರ್ಶೆ ಮಾತ್ರ ಬರೆಯಬೇಡಿ.

ಓದಿ ಮುಗಿಸಿ ವಿಮರ್ಶೆ ಬರೆಯದ ಪುಸ್ತಕ ಎರಡಾದರೆ ಮೂರನೆಯದನ್ನು ತೆರೆಯಬೇಡಿ. ಬಾಕಿ ನಾಲ್ಕೈದಾದ ಮೇಲೆ ತೀರಿಸಿದವರು ನಮ್ಮಲ್ಲಿ ಯಾರೂ ಇಲ್ಲ. ಆ ಸ್ಥಿತಿಗೆ ಬಂದಿದ್ದರೆ ಹಳೆಯವನ್ನು ಕೈಬಿಟ್ಟು ಹೊಸ ಪುಸ್ತಕದಿಂದ, ಹಂತ 3ರಿಂದ ಶುರು ಮಾಡಿ.

ಪರಿಚಯದವರ ಪುಸ್ತಕ

ನಮ್ಮಂಥ ಊರುಗಳಲ್ಲಿ ಇದು ತಪ್ಪಿದ್ದಲ್ಲ. ಲೇಖಕರು ಸಂಬಂಧಿಕರಿರುತ್ತಾರೆ, ಕಲಿಸಿದ ಗುರುಗಳಿರುತ್ತಾರೆ. ಗೌರವ ಪ್ರತಿ ಕೈಗಿಟ್ಟು "ನಾಲ್ಕ ಸಾಲ ಬರೀರಿ" ಎನ್ನುತ್ತಾರೆ. ಪುಸ್ತಕ ತೆಗೆದುಕೊಳ್ಳುವಾಗಲೇ ಹೇಳಿ: "ಓದ್ತೀನ್ರಿ, ಬರಿಯೂದು ಓದಿದ ಮ್ಯಾಲೆ ಹೇಳ್ತೀನಿ." ಆ ಕ್ಷಣದ ಮುಜುಗರ ಮುಂದಿನ ದೊಡ್ಡ ಮುಜುಗರ ತಪ್ಪಿಸುತ್ತದೆ. ಪುಸ್ತಕದಲ್ಲಿ ಮೆಚ್ಚುವಂಥದ್ದು ಏನೂ ಸಿಗದಿದ್ದರೆ ವಿಮರ್ಶೆ ಬರೆಯದೆ, ಚೀಟಿಗಳಲ್ಲಿ ಬರೆದದ್ದನ್ನು ಅವರಿಗೇ ಪತ್ರವಾಗಿ ಬರೆಯಿರಿ. ಬರೆಯುವುದೇ ಆದರೆ ಪರಿಚಯವಿದೆಯೆಂದು ವಿಮರ್ಶೆಯಲ್ಲೇ ಒಂದು ಸಾಲು ತಿಳಿಸಿ.

ವಿಮರ್ಶೆ ಅಚ್ಚಾದ ಮೇಲೆ ಲೇಖಕರ ಫೋನ್ ಬರಬಹುದು, ದನಿ ಬಿಗಿಯಾಗಿರಬಹುದು. ಅದಕ್ಕಾಗಿಯೇ ಚೀಟಿಗಳನ್ನು ಎಸೆಯಬೇಡಿ, ಒಂದು ಲಕೋಟೆಯಲ್ಲಿ ಹಾಕಿ ವಹಿಯ ಆ ಪುಟಕ್ಕೆ ಪಿನ್ ಹಚ್ಚಿಡಿ. ಫೋನ್ ಬಂದಾಗ ಲಕೋಟೆ ತೆರೆದು, "ಪುಟ 61 ತಗೀರಿ, ಇಬ್ರೂ ಕೂಡಿ ಓದೂಣು" ಎನ್ನಿ.